‘ಅರ್ಥ ಆಯ್ತಲ್ಲ?’ ಎಂದು ಕೇಳಬೇಡಿ: ರೋಗಿಯ ಜೊತೆ ಮಾತಾಡುವುದನ್ನು ಕಲಿಯಲು ಒಂದು ಮಾರ್ಗದರ್ಶಿ

ಕುಮಟಾ ಕಡೆಯ ಒಬ್ಬ ಹಿರಿಯರು. ವಯಸ್ಸು ಅರವತ್ತು ದಾಟಿತ್ತು. ಶುಗರ್ ಇದೆ ಎಂದು ಹೊಸದಾಗಿ ಗೊತ್ತಾಗಿತ್ತು. ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ಬರೆದುಕೊಟ್ಟೆ. ‘ಬೆಳಿಗ್ಗೆ ತಿಂಡಿಗೆ ಮೊದಲು ಒಂದು. ಅರ್ಥ ಆಯ್ತಲ್ಲ?’ ಎಂದೆ. ‘ಆಯ್ತು ಡಾಕ್ಟ್ರೇ’ ಎಂದರು.

ಮೂರನೇ ದಿನ ಶನಿವಾರ. ಅವರಿಗೆ ಶನಿವಾರ ಒಪ್ಪತ್ತು. ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಗುಳಿಗೆ ಮಾತ್ರ ತಪ್ಪಿಸಲಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ತೋಟದಲ್ಲಿ ಮೈಯೆಲ್ಲ ಬೆವರಿ ಬಿದ್ದುಬಿಟ್ಟರು. ಮಗ ರಿಕ್ಷಾದಲ್ಲಿ ಹಾಕಿಕೊಂಡು ಬಂದ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಎದ್ದು ಕೂತು ಅವರು ಹೇಳಿದ್ದು ಒಂದೇ ಮಾತು: ‘ನೀವು ಹೇಳಿದ ಹಾಗೇ ತಗೊಂಡೆ ಡಾಕ್ಟ್ರೇ.’

ನಿಜ. ‘ತಿಂಡಿಗೆ ಮೊದಲು’ ಎಂದಿದ್ದೆ. ‘ತಿಂಡಿ ತಿನ್ನದ ದಿನ ಬೇಡ’ ಎಂದಿರಲಿಲ್ಲ. ವಾರದಲ್ಲಿ ಯಾವ ದಿನ ಒಪ್ಪತ್ತು ಎಂದು ಕೇಳಿರಲೂ ಇಲ್ಲ. ಗುಳಿಗೆ ಸರಿ ಇತ್ತು, ಪ್ರಮಾಣ ಸರಿ ಇತ್ತು. ತಪ್ಪಿದ್ದು ನನ್ನ ಮಾತು.

ಅಲ್ಲಿಯವರೆಗೂ ನಾನು ಜನರ ಹತ್ತಿರ ಚೆನ್ನಾಗಿ ಮಾತಾಡುತ್ತೇನೆ ಎಂದೇ ನಂಬಿದ್ದೆ. ಆಮೇಲೆ ಕಲಿಯಲು ಶುರು ಮಾಡಿದೆ. ಈಗ ಘಟ್ಟದ ಮೇಲೆ, ಘಟ್ಟದ ಕೆಳಗೆ ಎರಡೂ ಕಡೆ ಸಣ್ಣ ಗುಂಪುಗಳಲ್ಲಿ ಅಭ್ಯಾಸ ಮಾಡಿಸುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕು ಆಸ್ಪತ್ರೆ, ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಕೆಲಸ ಮಾಡುವ ಡಾಕ್ಟರು, ಸಿಸ್ಟರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೋಗಿಗಳು, ಮನೆಯವರು ಓದಿದರೂ ಒಳ್ಳೆಯದೇ.

ಶುರು ಮಾಡುವ ಮೊದಲು: ಇದರಿಂದ ರೋಗಿಗೆ ಏನು ಸಿಗುತ್ತದೆ?

‘ಮಾತು ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುತ್ತದಾ?’ ಎಂದು ಬಹಳ ಜನ ಕೇಳುತ್ತಾರೆ. ಬರುತ್ತದೆ. 2009ರಲ್ಲಿ ಜೋಲ್ನಿಯರೆಕ್ ಮತ್ತು ಡಿಮ್ಯಾಟಿಯೊ ಎಂಬ ಇಬ್ಬರು ಸಂಶೋಧಕರು ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಡಾಕ್ಟರ ಮಾತು ಸರಿ ಇಲ್ಲದಿದ್ದರೆ ರೋಗಿ ಔಷಧ, ಪಥ್ಯ ತಪ್ಪಿಸುವ ಅಪಾಯ ಶೇ. 19ರಷ್ಟು ಹೆಚ್ಚು ಎಂದು ಕಂಡರು. ಮಾತಿನ ತರಬೇತಿ ಪಡೆದ ಡಾಕ್ಟರ ರೋಗಿಗಳು ಹೇಳಿದ್ದನ್ನು ಪಾಲಿಸುವ ಸಾಧ್ಯತೆ, ತರಬೇತಿ ಇಲ್ಲದವರ ರೋಗಿಗಳಿಗಿಂತ ಎಷ್ಟೋ ಹೆಚ್ಚಿತ್ತು. ಬಿ.ಪಿ., ಶುಗರ್, ಕ್ಷಯದಂಥ ಕಾಯಿಲೆಗಳಲ್ಲಿ ಗುಳಿಗೆ ತಪ್ಪದೆ ತಗೊಳ್ಳುವುದೇ ಅರ್ಧ ಚಿಕಿತ್ಸೆ. ಹಾಗಾಗಿ ಇದು ಸಣ್ಣ ಲಾಭ ಅಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವವರಿಗೆ ಕೊಟ್ಟ ತರಬೇತಿಗಳ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ 17 ಪ್ರಯೋಗಗಳನ್ನು ಪರಿಶೀಲಿಸಿತು. ಡಾಕ್ಟರು, ನರ್ಸುಗಳು ಬದಲಾಗಿದ್ದರು. ತೆರೆದ ಪ್ರಶ್ನೆ ಕೇಳುತ್ತಿದ್ದರು, ಕನಿಕರ ತೋರಿಸುತ್ತಿದ್ದರು, ಬರೀ ಮಾಹಿತಿ ಸುರಿಯುವುದು ಕಡಿಮೆ ಆಗಿತ್ತು. ಆದರೆ ಅದರಿಂದ ರೋಗಿಗಳ ಆತಂಕ ಇಳಿಯಿತು, ಅವರ ಸಮಾಧಾನ ಹೆಚ್ಚಿತು ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಇದನ್ನು ಓದಿ ನಾನು ಕೈ ಬಿಡಲಿಲ್ಲ. ನನಗೆ ತೋಚಿದ್ದು ಇಷ್ಟು: ಚಂದ ಮಾತಾಡಿದರೆ ಸಾಲದು, ಹೇಳಿದ್ದು ರೋಗಿಯ ತಲೆಗೆ ಹೇಗೆ ಹೋಯಿತು ಎಂದು ಅಲ್ಲೇ ನೋಡಬೇಕು. ಆ ಹಿರಿಯರ ಜೊತೆ ನಾನೇನು ಒರಟಾಗಿ ಮಾತಾಡಿರಲಿಲ್ಲ, ಅಲ್ವಾ? ಅದಕ್ಕೇ ಈ ಬರಹದಲ್ಲಿ ನಾಲ್ಕನೇ ಹಂತಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ನೀವು ಎಷ್ಟು ಹೊತ್ತು ಸುಮ್ಮನಿರುತ್ತೀರಿ, ಎಣಿಸಿ

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಸಿಸ್ಟರ್ ಒಬ್ಬರ ಕೈಗೆ ಗಡಿಯಾರ ಕೊಡಿ. ರೋಗಿ ಬಾಯಿ ತೆರೆದ ಕ್ಷಣದಿಂದ ನೀವು ನಡುವೆ ಬಾಯಿ ಹಾಕುವವರೆಗೆ ಎಷ್ಟು ಸೆಕೆಂಡು ಎಂದು ಹತ್ತು ಜನರದ್ದು ಬರೆದಿಡಲಿ.

ಅಮೆರಿಕದಲ್ಲಿ 1984ರಲ್ಲಿ ಬೆಕ್ಮನ್ ಮತ್ತು ಫ್ರಾಂಕೆಲ್ ಹೀಗೆ 74 ಭೇಟಿಗಳನ್ನು ಅಳೆದರು. ಡಾಕ್ಟರು ಸರಾಸರಿ 18 ಸೆಕೆಂಡಿಗೇ ಮಾತು ತಡೆದಿದ್ದರು. ಪೂರ್ತಿ ಹೇಳಿ ಮುಗಿಸಲು ಆದದ್ದು ಶೇ. 23ರಷ್ಟು ಭೇಟಿಗಳಲ್ಲಿ ಮಾತ್ರ. ಹಾಗಾದರೆ ಬಿಟ್ಟುಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡುತ್ತಾರೆ? ಸ್ವಿಟ್ಜರ್ಲೆಂಡಿನ ಬಾಸೆಲ್ ಆಸ್ಪತ್ರೆಯಲ್ಲಿ ನೋಡಿದರು. 2002ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ 335 ರೋಗಿಗಳಿದ್ದರು. ಸರಾಸರಿ 92 ಸೆಕೆಂಡು. ನೂರರಲ್ಲಿ 78 ಜನ ಎರಡು ನಿಮಿಷದೊಳಗೆ ತಾವಾಗೇ ನಿಲ್ಲಿಸಿದ್ದರು.

‘ನಮ್ಮ ಓಪಿಡಿಯಲ್ಲಿ ಎರಡು ನಿಮಿಷ ಎಲ್ಲಿಂದ ತರೋಣ?’ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಭಾರತದ ಡಾಕ್ಟರು ಒಬ್ಬ ರೋಗಿಗೆ ಕೊಡುವ ಒಟ್ಟು ಸಮಯವೇ ಸುಮಾರು 2 ನಿಮಿಷ. ಸೋಮವಾರ ಸಂತೆಗೆ ಬಂದವರೆಲ್ಲ ಚೀಟಿ ಮಾಡಿಸಿ ಹೊರಗೆ ಕೂತಿರುತ್ತಾರೆ. ಅದಕ್ಕೆ ನಾನು ಹೇಳುವುದು ಅರ್ಧ ನಿಮಿಷ. ಮೊದಲ ಅರ್ಧ ನಿಮಿಷ ಪೆನ್ನು ಕೆಳಗಿಡಿ, ಮುಖ ನೋಡಿ, ಸುಮ್ನೆ ಕೇಳಿ.

ಯಾಕೆಂದರೆ ನಮ್ಮ ಕಡೆಯವರು ನೇರ ವಿಷಯಕ್ಕೆ ಬರುವುದಿಲ್ಲ. ‘ಹಾಗೆ ಎಂತ ಇಲ್ಲ ಡಾಕ್ಟ್ರೇ, ಸ್ವಲ್ಪ ಗ್ಯಾಸ್’ ಎಂದು ಶುರು ಮಾಡುತ್ತಾರೆ. ಅಲ್ಲೇ ಗ್ಯಾಸಿನ ಗುಳಿಗೆ ಬರೆದರೆ ಮುಗಿಯಿತು. ಸುಮ್ಮನಿದ್ದರೆ ಇಪ್ಪತ್ತು ಸೆಕೆಂಡಿನ ಮೇಲೆ ‘ಮೊನ್ನೆ ಏರು ಹತ್ತುವಾಗ ಮಾತ್ರ ಬಂದದ್ದು, ಎಡಗೈ ಜೋಮು ಹಿಡಿದ ಹಾಗೆ ಆಯ್ತು’ ಎನ್ನುತ್ತಾರೆ. ಇಸಿಜಿ ಬೇಕು ಎಂದು ಹೇಳಿದ್ದು ಆ ಎರಡನೇ ವಾಕ್ಯ.

ಹಂತ 2: ಕೂತು ಮಾತಾಡಿ, ಅವರ ಭಾಷೆಯ ನಾಲ್ಕು ಮಾತು ಕಲಿಯಿರಿ

ವಾರ್ಡಿನಲ್ಲಿ ರೌಂಡ್ಸ್ ಹೋಗುವಾಗ ಮಂಚದ ಪಕ್ಕ ಸ್ಟೂಲು ಎಳೆದು ಕೂರಿ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆದ ರೋಗಿಗಳ ಹತ್ತಿರ ಡಾಕ್ಟರು ಕೆಲವು ಸಲ ನಿಂತು, ಕೆಲವು ಸಲ ಕೂತು ಮಾತಾಡಿದರು. ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಸಮಯ, ಒಂದೂವರೆ ನಿಮಿಷದೊಳಗೆ. ಆದರೆ ಕೂತಾಗ ‘ಐದು ನಿಮಿಷ ಮಾತಾಡಿದರು’ ಎಂದು ರೋಗಿಗಳಿಗೆ ಅನಿಸಿತ್ತು.

ವಯಸ್ಸಾದವರನ್ನು ‘ನೀವು’ ಎಂದೇ ಕರೆಯಿರಿ. ಬೆಟ್ಟದಿಂದ ಬಂದ ಹಾಲಕ್ಕಿ ಅಜ್ಜಿ, ಗೌಳಿ ಮುದುಕ ಎಂದ ಕೂಡಲೇ ನಾಲಗೆ ‘ನೀನು’ ಕಡೆ ಜಾರುತ್ತದೆ. ನಾನು ಇದನ್ನು ಎಷ್ಟೋ ಕಡೆ ನೋಡಿದ್ದೇನೆ, ಪ್ರತಿ ಸಲ ಸಂಕಟ ಆಗುತ್ತದೆ. ಅವರು ಬೈಯುವುದಿಲ್ಲ. ಮುಂದಿನ ಸಲ ಬರುವುದಿಲ್ಲ, ಅಷ್ಟೇ.

ಭಾಷೆಯ ವಿಷಯ ನಮ್ಮ ಜಿಲ್ಲೆಯಲ್ಲಿ ದೊಡ್ಡದು. ಕಾರವಾರದಲ್ಲಿ ಕೊಂಕಣಿ, ಮರಾಠಿ. ಭಟ್ಕಳದಲ್ಲಿ ನವಾಯತಿ, ಉರ್ದು. ಶಿರಸಿ, ಸಿದ್ದಾಪುರದಲ್ಲಿ ಹವ್ಯಕ ಕನ್ನಡ. ಬಯಲುಸೀಮೆಯಿಂದ, ಬೆಂಗಳೂರಿನಿಂದ ಬಂದ ಕಿರಿಯ ಡಾಕ್ಟರಿಗೆ ಇದು ಕಷ್ಟ. ಪೂರ್ತಿ ಭಾಷೆ ಬೇಡ. ‘ಖಂಯ್ ದುಕ್ತಾ?’ ಎಂದು ಕೊಂಕಣಿಯಲ್ಲಿ ಎಲ್ಲಿ ನೋವು ಎಂದು ಕೇಳಿದರೆ ಸಾಕು, ಮುಖದ ಬಿಗಿ ಸಡಿಲ ಆಗುತ್ತದೆ. ಉಳಿದದ್ದಕ್ಕೆ ಭಾಷೆ ಬರುವ ಸಿಸ್ಟರನ್ನು ಕರೆಯಿರಿ. ಮಕ್ಕಳ ಕೈಲಿ ಅನುವಾದ ಮಾಡಿಸಬೇಡಿ. ಮುಟ್ಟಿನ ತೊಂದರೆಯನ್ನು ಒಬ್ಬ ತಾಯಿ ಹತ್ತು ವರ್ಷದ ಮಗನ ಬಾಯಲ್ಲಿ ಹೇಳಿಸಲಾರರು. ಅತ್ತೆ ಪಕ್ಕದಲ್ಲಿದ್ದರೆ ಸೊಸೆಯ ಅರ್ಧ ಮಾತು ಒಳಗೇ ಉಳಿಯುತ್ತದೆ. ‘ಸ್ವಲ್ಪ ಪರೀಕ್ಷೆ ಮಾಡಬೇಕು’ ಎಂದು ಅವರನ್ನು ಎರಡು ನಿಮಿಷ ಹೊರಗೆ ಕೂರಿಸಿ.

ಹಂತ 3: ಪ್ರಶ್ನೆಯನ್ನು ಅವರ ಬದುಕಿನ ಮಾತಲ್ಲಿ ಕೇಳಿ

ಅಮೆರಿಕದಲ್ಲಿ ಜಾನ್ ಹೆರಿಟೇಜ್ ಮತ್ತು ಜೊತೆಗಾರರು 2007ರಲ್ಲಿ ಒಂದು ಸಣ್ಣ ಪದದ ಬದಲಾವಣೆ ಮಾಡಿ ನೋಡಿದರು. ಇಂಗ್ಲಿಷಿನಲ್ಲಿ ‘ಎನಿಥಿಂಗ್ ಎಲ್ಸ್’ ಬದಲು ‘ಸಮ್‌ಥಿಂಗ್ ಎಲ್ಸ್’ ಎಂದು ಕೇಳಿದಾಗ, ರೋಗಿಗಳು ಹೇಳದೇ ಉಳಿಸಿಕೊಂಡು ಹೋಗುವ ತೊಂದರೆಗಳು ಬಹಳ ಕಡಿಮೆಯಾದವು. ಕನ್ನಡಕ್ಕೆ ಆ ಪದಗಳು ಹಾಗೇ ಬರುವುದಿಲ್ಲ. ನಮ್ಮಲ್ಲಿ ಬಾಗಿಲು ಹಾಕುವ ಮಾತು ಯಾವುದು ಗೊತ್ತಾ? ‘ಬೇರೆ ಏನೂ ಇಲ್ಲ ಅಲ್ವಾ?’ ಇದಕ್ಕೆ ‘ಇಲ್ಲ’ ಎನ್ನುವುದು ಬಿಟ್ಟು ಬೇರೆ ಉತ್ತರ ಕೊಡಲು ಧೈರ್ಯ ಬೇಕು. ಅದರ ಬದಲು ‘ಮತ್ತೆ ಏನು ಹೇಳುವುದಿತ್ತು?’ ಎಂದು ಕೇಳಿ. ಇನ್ನೂ ಒಂದು ಇದ್ದೇ ಇರುತ್ತದೆ ಎಂದು ನೀವು ಒಪ್ಪಿಕೊಂಡ ಹಾಗೆ ಆಗುತ್ತದೆ. ಇದನ್ನು ಬರೆಯುವ ಮೊದಲೇ ಕೇಳಬೇಕು. ಚೀಟಿ ಹರಿದು ಕೈಗೆ ಕೊಟ್ಟ ಮೇಲೆ ಅಲ್ಲ.

ಎರಡು ಉದಾಹರಣೆ ಕೊಡುತ್ತೇನೆ. ಎರಡೂ ನಮ್ಮ ನೆಲದ್ದೇ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಜ್ವರ ಎಂದು ಬಂದವರನ್ನು ಮಂಗನ ಕಾಯಿಲೆಯ ಅನುಮಾನದಿಂದ ‘ಕಾಡಿಗೆ ಹೋಗಿದ್ದಿರಾ?’ ಎಂದು ಕೇಳುತ್ತೇವೆ. ಸಿದ್ದಾಪುರ, ಹೊನ್ನಾವರದ ಕಡೆಯವರು ‘ಇಲ್ಲ’ ಎನ್ನುತ್ತಾರೆ. ಸುಳ್ಳಲ್ಲ. ಅವರ ಲೆಕ್ಕದಲ್ಲಿ ಕಾಡು ಎಂದರೆ ದೂರದ ದಟ್ಟ ಕಾಡು. ಮನೆ ಹಿಂದಿನ ಸೊಪ್ಪಿನ ಬೆಟ್ಟ ಕಾಡಲ್ಲ. ದರಕು (ಉದುರಿದ ಒಣ ಎಲೆ) ಗುಡಿಸಿ ತರಲು, ಸೊಪ್ಪು ಕಡಿಯಲು, ದನ ಹುಡುಕಲು ಹೋದದ್ದು ಕಾಡಿಗೆ ಹೋದದ್ದಲ್ಲ. ಈ ಕಾಯಿಲೆ ಹರಡುವ ಉಣ್ಣೆ (ಉಣುಗು) ಇರುವುದು ಅಲ್ಲೇ. ಹಾಗಾಗಿ ‘ಬೆಟ್ಟಕ್ಕೆ ಹೋಗಿದ್ದಿರಾ? ದರಕು ತಂದಿರಾ? ದನ ಎಲ್ಲಿ ಮೇಯುತ್ತದೆ? ಹತ್ತಿರದಲ್ಲಿ ಮಂಗ ಸತ್ತದ್ದು ಕೇಳಿದ್ದೀರಾ?’ ಎಂದು ಕೇಳಬೇಕು.

ಎರಡನೆಯದು ಉಪ್ಪು. ‘ಉಪ್ಪು ಕಡಿಮೆ ಮಾಡಿ’ ಎಂದರೆ ಎಲ್ಲರೂ ‘ನಾವು ಕಡಿಮೆಯೇ ತಿನ್ನುವುದು’ ಎನ್ನುತ್ತಾರೆ. ಅವರು ಹೇಳುವುದು ಸಾರಿಗೆ ಹಾಕುವ ಉಪ್ಪಿನ ವಿಷಯ. ‘ಗಂಜಿಗೆ ಏನು ನೆಂಚಿಕೊಳ್ಳುತ್ತೀರಿ?’ ಎಂದು ಕೇಳಿ ನೋಡಿ. ಕರಾವಳಿಯಲ್ಲಿ ‘ಒಣ ಮೀನು’ ಎಂಬ ಉತ್ತರ ಬರುತ್ತದೆ. ಘಟ್ಟದ ಮೇಲೆ ಮಿಡಿ ಉಪ್ಪಿನಕಾಯಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಮೀನುಗಾರರ ಮನೆಯಲ್ಲಿ ಒಣ ಮೀನೇ ಆಧಾರ. ‘ಬಿಟ್ಟುಬಿಡಿ’ ಎಂದರೆ ನಡೆಯುವುದಿಲ್ಲ. ‘ಚೆನ್ನಾಗಿ ತೊಳೆದು, ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ, ಒಂದು ಹೊತ್ತಿಗೆ ಮಾತ್ರ ಸಣ್ಣ ತುಂಡು’ ಎಂದರೆ ನಡೆಯುತ್ತದೆ.

ಹಂತ 4: ಸ್ವಲ್ಪ ಹೇಳಿ, ತಿರುಗಿ ಹೇಳಿಸಿ

ಬೇರೆ ಎಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಡಾಕ್ಟರು ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟು ರೋಗಿಗೆ ಆಗಲೇ ಮರೆತುಹೋಗುತ್ತದೆ, ನೆನಪಿದ್ದರಲ್ಲೂ ಹತ್ತಿರ ಹತ್ತಿರ ಅರ್ಧ ತಪ್ಪಾಗಿ ನೆನಪಿರುತ್ತದೆ ಎಂದು ರಾಯ್ ಕೆಸೆಲ್ಸ್ 2003ರಲ್ಲಿ ಬರೆದರು. ನನ್ನ ಓಪಿಡಿ ಕಂಡ ಮೇಲೆ ನನಗೆ ಇದರಲ್ಲಿ ಅನುಮಾನ ಇಲ್ಲ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ‘ಆಯ್ತು’ ಎನ್ನುತ್ತಾರೆ. ಅದು ಮರ್ಯಾದೆಗೆ ಹೇಳುವ ಮಾತು. ಹೊರಗೆ ಬಂದು ಔಷಧಿ ಕೊಡುವವರನ್ನು ‘ಇದು ಯಾವುದಕ್ಕೆ?’ ಎಂದು ಕೇಳುತ್ತಾರೆ. ಅಲ್ಲಿಯೂ ರಷ್ ಇದ್ದರೆ ಬಸ್ಸಿನಲ್ಲಿ ಪಕ್ಕದವರನ್ನು ಕೇಳುತ್ತಾರೆ.

ಮಾಡಬೇಕಾದದ್ದು ಇಷ್ಟು. ಒಂದು ಭೇಟಿಗೆ ಎರಡು, ಹೆಚ್ಚೆಂದರೆ ಮೂರು ವಿಷಯ ಹೇಳಿ. ಪ್ರತಿ ವಿಷಯ ಆದ ಮೇಲೆ ನಿಲ್ಲಿ. ಆಮೇಲೆ ಅವರ ಬಾಯಲ್ಲಿ ಹೇಳಿಸಿ. ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಆಗಬಾರದು. ಹೊಣೆ ನಿಮ್ಮ ಮೇಲೆ ಹಾಕಿಕೊಳ್ಳಿ: ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋದ ಕೂಡಲೇ ಆಯಿ ಕೇಳಿದರೆ ಈ ಗುಳಿಗೆ ಹೇಗೆ ತಗೊಳ್ಳುವುದು ಅಂತ ಹೇಳುತ್ತೀರಿ?’ ಮನೆಯಲ್ಲಿ ಯಾರಿದ್ದಾರೋ ಅವರ ಹೆಸರು ಹೇಳಿ ಕೇಳಿದರೆ ಇನ್ನೂ ಒಳ್ಳೆಯದು. ತಪ್ಪು ಹೇಳಿದರೆ ‘ಹಾಗಲ್ಲ’ ಎನ್ನಬೇಡಿ. ‘ನಾನು ಅವಸರದಲ್ಲಿ ಹೇಳಿದೆ, ಇನ್ನೊಂದು ಸಲ ಹೇಳುತ್ತೇನೆ’ ಎಂದು ಬೇರೆ ಮಾತಲ್ಲಿ ಹೇಳಿ, ಮತ್ತೆ ಹೇಳಿಸಿ.

ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯಲ್ಲಿ ಡೀನ್ ಶಿಲ್ಲಿಂಗರ್ ತಂಡ 38 ಡಾಕ್ಟರು, 74 ಶುಗರ್ ರೋಗಿಗಳ ಮಾತುಕತೆ ಧ್ವನಿಮುದ್ರಿಸಿ 2003ರಲ್ಲಿ ಪ್ರಕಟಿಸಿತು. ಆ ರೋಗಿಗಳಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. ಹೊಸದಾಗಿ ಹೇಳಿದ ವಿಷಯಗಳಲ್ಲಿ ತಿರುಗಿ ಹೇಳಿಸಿ ನೋಡಿದ್ದು ಶೇ. 12ರಷ್ಟು ಮಾತ್ರ. ಹಾಗೆ ಹೇಳಿಸಿದ ಡಾಕ್ಟರ ರೋಗಿಗಳಲ್ಲಿ ಶುಗರ್ ಹೆಚ್ಚು ಹತೋಟಿಯಲ್ಲಿತ್ತು. ಭೇಟಿಯ ಸಮಯವೂ ಉದ್ದ ಆಗಲಿಲ್ಲ. ಎಲ್ಲಿಯ ಸ್ಯಾನ್ ಫ್ರಾನ್ಸಿಸ್ಕೋ, ಎಲ್ಲಿಯ ಅಂಕೋಲಾ ಎನ್ನಬಹುದು. ಆದರೆ ಓದು ಬಾರದ ರೋಗಿ, ಅವಸರದ ಡಾಕ್ಟರು, ಸರ್ಕಾರಿ ಆಸ್ಪತ್ರೆ, ಮೂರೂ ನಮ್ಮದೇ ಚಿತ್ರ.

ತಿರುಗಿ ಹೇಳಿಸಿದಾಗ ಹೊರಬೀಳುವ ಕೆಲವು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ತಿಳಿದಿದ್ದರೆ ಮೊದಲೇ ಎಚ್ಚರ ಇರಬಹುದು.

ಬಿ.ಪಿ. ಗುಳಿಗೆಯನ್ನು ‘ಕೋರ್ಸ್’ ಎಂದುಕೊಳ್ಳುತ್ತಾರೆ. ತಿಂಗಳ ಗುಳಿಗೆ ಮುಗಿಯಿತು, ಕಾಯಿಲೆಯೂ ಮುಗಿಯಿತು. ತಲೆ ಸುತ್ತು ಇಲ್ಲದಿದ್ದರೆ ಬಿ.ಪಿ. ಇಲ್ಲ ಎಂದುಕೊಳ್ಳುತ್ತಾರೆ. ‘ಈ ಗುಳಿಗೆ ಮುಗಿಯುವ ಮೊದಲೇ ಬನ್ನಿ’ ಎಂದು ಹೇಳಬೇಕು. ಬರೀ ‘ತಿಂಗಳು ಬಿಟ್ಟು ಬನ್ನಿ’ ಎಂದರೆ ಹತ್ತು ದಿನ ಖಾಲಿ ಬೀಳುತ್ತದೆ.

‘ಮೂರು ಹೊತ್ತು ಊಟದ ಮೇಲೆ’ ಎನ್ನುತ್ತೇವೆ. ಬೆಳಗಿನ ಜಾವ ದೋಣಿಗೆ ಹೋಗಿ ಮಧ್ಯಾಹ್ನದ ಮೇಲೆ ದಡಕ್ಕೆ ಬರುವವರ ಮೂರು ಹೊತ್ತು ಯಾವುದು? ಮೊದಲು ಅವರ ದಿನ ಕೇಳಿ, ಆಮೇಲೆ ಗುಳಿಗೆ ಹೊಂದಿಸಿ. ಶನಿವಾರ, ಸಂಕಷ್ಟಿ, ಏಕಾದಶಿ, ರಂಜಾನ್ ಉಪವಾಸ, ಎಲ್ಲವನ್ನೂ ಶುಗರ್ ಗುಳಿಗೆ ಬರೆಯುವ ಮೊದಲೇ ಕೇಳಿ. ನಾನು ಈಗ ಚೀಟಿಯ ಮೇಲೇ ‘ಒಪ್ಪತ್ತಿನ ದಿನ?’ ಎಂದು ಬರೆದುಕೊಳ್ಳುತ್ತೇನೆ.

ದಮ್ಮಿನವರಿಗೆ ಇನ್ಹೇಲರ್ ಬಾಯಲ್ಲಿ ವಿವರಿಸಿದರೆ ಆಗದು. ಅವರ ಕೈಲೇ ಮಾಡಿಸಿ ನೋಡಿ. ಹಾಗೇ ‘ಪಥ್ಯ ಎಂತ?’ ಎಂಬ ಪ್ರಶ್ನೆ. ನಮ್ಮಲ್ಲಿ ಇದನ್ನು ಕೇಳದೆ ಯಾರೂ ಏಳುವುದಿಲ್ಲ. ‘ಏನೂ ಇಲ್ಲ, ಎಲ್ಲ ತಿನ್ನಿ’ ಎಂದು ಹೊರಡಿಸಿದರೆ ಅವರಿಗೆ ಔಷಧದ ಮೇಲೇ ನಂಬಿಕೆ ಕಡಿಮೆ ಆಗುತ್ತದೆ. ಇಲ್ಲವೇ ತಾವೇ ಪಥ್ಯ ಕಟ್ಟಿಕೊಂಡು ಬಾಣಂತಿಗೂ ಜ್ವರದ ಮಗುವಿಗೂ ಊಟ ನಿಲ್ಲಿಸುತ್ತಾರೆ. ಏನು ತಿನ್ನಬೇಕು ಎಂದು ಎರಡು ಪದಾರ್ಥದ ಹೆಸರು ಹೇಳಿ ಕಳಿಸಿ.

ಹಂತ 5: ಕೆಟ್ಟ ಸುದ್ದಿ, ದೂರದ ಆಸ್ಪತ್ರೆ

ಕೆಟ್ಟ ಸುದ್ದಿ ಹೇಳಲು ಆರು ಮೆಟ್ಟಿಲಿನ ಒಂದು ಕ್ರಮ ಇದೆ. ವಾಲ್ಟರ್ ಬೈಲ್, ರಾಬರ್ಟ್ ಬಕ್ಮನ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ್ದು. ಸ್ಪೈಕ್ಸ್ ಎಂದು ಹೆಸರು. ನಾನು ಅದನ್ನು ಹೀಗೆ ನೆನಪಿಟ್ಟುಕೊಳ್ಳುತ್ತೇನೆ: ಜಾಗ, ಗೊತ್ತಿರುವುದು, ಒಪ್ಪಿಗೆ, ಸುದ್ದಿ, ದುಃಖ, ದಾರಿ.

ಬಾಯಲ್ಲಿ ಹುಣ್ಣು ಎಂದು ಬಂದವರು ಎನ್ನಿ. ಮೂವತ್ತು ವರ್ಷ ಹೊಗೆಸೊಪ್ಪು ಹಾಕಿ ಕವಳ ತಿಂದವರು. ತುಂಡು ಪರೀಕ್ಷೆಯ (ಬಯಾಪ್ಸಿ) ವರದಿ ಬಂದಿದೆ, ಕ್ಯಾನ್ಸರ್. ಮೊದಲು ಜಾಗ ನೋಡಿಕೊಳ್ಳಿ. ಬಾಗಿಲು ಮುಚ್ಚಿ, ಫೋನ್ ಪಕ್ಕಕ್ಕಿಡಿ, ಅವರಿಗೆ ಬೇಕಾದವರನ್ನು ಜೊತೆ ಕೂರಿಸಿ. ‘ಈ ಹುಣ್ಣು ಏನಿರಬಹುದು ಅಂತ ನಿಮಗೆ ಅನಿಸಿದೆ?’ ಎಂದು ಕೇಳಿ. ಹೆಚ್ಚಿನವರಿಗೆ ಅನುಮಾನ ಇದ್ದೇ ಇರುತ್ತದೆ. ಆಮೇಲೆ ‘ವರದಿ ಬಂದಿದೆ. ಪೂರ್ತಿ ನಿಮಗೇ ಹೇಳಲಾ, ಮಗನ ಹತ್ತಿರ ಮಾತಾಡಲಾ?’ ಎಂದು ಒಪ್ಪಿಗೆ ಕೇಳಿ. ನಂತರ ‘ಸುದ್ದಿ ಅಷ್ಟು ಚೆನ್ನಾಗಿಲ್ಲ’ ಎಂದು ಒಂದು ಸೂಚನೆ ಕೊಟ್ಟು, ಸಣ್ಣ ವಾಕ್ಯದಲ್ಲಿ ಹೇಳಿ. ‘ಗಡ್ಡೆ’, ‘ಬೆಳವಣಿಗೆ’ ಎಂದು ಸುತ್ತಬೇಡಿ. ಕ್ಯಾನ್ಸರ್ ಎನ್ನಿ.

ಹೇಳಿದ ಮೇಲೆ ಸುಮ್ಮನಿರಿ. ಈ ಮೌನವೇ ಅತಿ ಕಷ್ಟ. ನಮಗೆ ತಡೆಯಲಾಗದೆ ಆಪರೇಷನ್, ರೇಡಿಯೇಷನ್ ಎಂದು ಶುರು ಮಾಡಿಬಿಡುತ್ತೇವೆ. ಅವರ ಕಿವಿಗೆ ಆಗ ಏನೂ ಬೀಳುವುದಿಲ್ಲ. ಅಳಲಿ. ನೀರು ಕೊಡಿ. ‘ಇದು ಕೇಳಲು ಬಹಳ ಕಷ್ಟದ ವಿಷಯ’ ಎಂದಷ್ಟೇ ಹೇಳಿ. ಅವರೇ ತಲೆ ಎತ್ತಿ ‘ಇನ್ನು ಎಂತ ಮಾಡುವುದು?’ ಎಂದಾಗ ದಾರಿ ಹೇಳಿ.

‘ಅವರಿಗೆ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಳ್ಳುತ್ತಾರೆ’ ಎಂದು ಮಕ್ಕಳು ಮೊದಲೇ ಬಂದು ಕೈ ಹಿಡಿಯುತ್ತಾರೆ. ಅದು ಪ್ರೀತಿ. ಬೈಯಬೇಡಿ. ‘ನಿಮಗೆ ಏನು ಭಯ?’ ಎಂದು ಕೇಳಿ. ‘ನಾನಾಗಿ ಹೇಳುವುದಿಲ್ಲ, ಆದರೆ ಅವರೇ ಕೇಳಿದರೆ ಸುಳ್ಳು ಹೇಳಲಾರೆ’ ಎಂದು ಮೊದಲೇ ತಿಳಿಸಿ. ಎಷ್ಟೋ ಸಲ ಅಪ್ಪನಿಗೆ ಗೊತ್ತಿರುತ್ತದೆ, ಮಗನಿಗೆ ನೋವಾಗಬಾರದು ಎಂದು ಅವರೂ ಸುಮ್ಮನಿರುತ್ತಾರೆ. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದ ದಿನ ಮನೆಯ ಭಾರ ಇಳಿಯುತ್ತದೆ.

ದಾರಿ ಹೇಳುವಾಗ ನಮ್ಮ ಜಿಲ್ಲೆಗೆ ಇನ್ನೊಂದು ಮಾತು ಸೇರಿಸಬೇಕು. ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಹೊರಡಬೇಕು. ‘ಮಣಿಪಾಲಕ್ಕೆ ಕರೆದುಕೊಂಡು ಹೋಗಿ’ ಎಂದ ಕೂಡಲೇ ಮನೆಯವರ ಕಿವಿಗೆ ಬೀಳುವುದು ‘ಇಲ್ಲಿ ಕೈ ಬಿಟ್ಟರು’ ಎಂದು. ಯಾಕೆ ಕಳಿಸುತ್ತಿದ್ದೀರಿ, ಅಲ್ಲಿ ಏನು ಮಾಡುತ್ತಾರೆ, ತಿರುಗಿ ಬಂದ ಮೇಲೆ ನೀವೇ ನೋಡುತ್ತೀರಾ ಎಂದು ಹೇಳಿ. ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾದ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿದೆಯಾ ನೋಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ತೆರೆದಿದೆಯಾ ಎಂದೂ ವಿಚಾರಿಸಿ ಹೇಳಿ.

ಹಂತ 6: ವಾರಕ್ಕೆ ಒಂದು ಗಂಟೆ, ಮೂರು ಜನ

ಇದೆಲ್ಲ ಓದಿದರೆ ಬರುವುದಿಲ್ಲ. ಭಾಷಣ ಕೇಳಿದರೂ ಬರುವುದಿಲ್ಲ. ಎಂಬಿಬಿಎಸ್ ಪಠ್ಯದಲ್ಲಿ 2019ರ ಬ್ಯಾಚಿನಿಂದ ‘ಏಟ್‌ಕಾಮ್’ ಎಂಬ ಭಾಗ ಸೇರಿದೆ. ನಡತೆ, ನೀತಿ, ಮಾತುಕತೆಗೆಂದೇ ತರಗತಿ. ಕಾರವಾರದ ವೈದ್ಯಕೀಯ ಕಾಲೇಜಿನಲ್ಲಿ ಈಗ ಓದುವವರಿಗೆ ಅದು ಸಿಗುತ್ತದೆ. ಅದಕ್ಕೂ ಮೊದಲು ಓದಿದ ನಾವು ಮಾಡಿಯೇ ಕಲಿಯಬೇಕು. ಬ್ರಿಟನ್ನಿನಲ್ಲಿ ಲೆಸ್ಲಿ ಫಾಲೋಫೀಲ್ಡ್ ತಂಡ 160 ಕ್ಯಾನ್ಸರ್ ತಜ್ಞರನ್ನು ಸೇರಿಸಿ, ಅವರಲ್ಲಿ ಒಂದು ಭಾಗಕ್ಕೆ ಮೂರು ದಿನ ಸಣ್ಣ ಗುಂಪುಗಳಲ್ಲಿ ಪಾತ್ರ ಮಾಡಿಸಿ, ವಿಡಿಯೊ ತೋರಿಸಿ ಕಲಿಸಿತು. ಆ ಬದಲಾವಣೆ ವರ್ಷದ ಮೇಲೂ ಉಳಿದಿತ್ತು.

‘ಪಾತ್ರ ಮಾಡುವುದು’ ಎಂದರೆ ನಾಚಿಕೆ ಎನ್ನುವವರಿಗೆ ನಾನು ತಾಳಮದ್ದಳೆ ನೆನಪಿಸುತ್ತೇನೆ. ವೇಷ ಇಲ್ಲ, ಗೆಜ್ಜೆ ಇಲ್ಲ. ಪಂಚೆ, ಅಂಗಿಯಲ್ಲಿ ಕೂತೇ ಕೃಷ್ಣ, ಕೂತೇ ಕೌರವ. ಬರೆದಿಟ್ಟ ಮಾತೂ ಇಲ್ಲ. ಎದುರಿನ ಅರ್ಥಧಾರಿ ಏನಂದರು ಎಂದು ಕಿವಿಗೊಟ್ಟರೆ ಮಾತ್ರ ಉತ್ತರ ಹುಟ್ಟುತ್ತದೆ. ರೋಗಿಯ ಎದುರು ಬೇಕಾದದ್ದೂ ಇದೇ ವಿದ್ಯೆ.

ಮೂವರು ಕೂರಿ. ಒಬ್ಬರು ಡಾಕ್ಟರು, ಒಬ್ಬರು ರೋಗಿ, ಒಬ್ಬರು ನೋಡುವವರು. ಐದು ನಿಮಿಷ ಆಟ, ಹತ್ತು ನಿಮಿಷ ಚರ್ಚೆ, ಆಮೇಲೆ ಪಾತ್ರ ಬದಲು. ರೋಗಿಯ ಪಾತ್ರ ಹಿರಿಯ ಡಾಕ್ಟರಿಗೆ ಕೊಡಿ. ಮಂಚದ ಮೇಲೆ ಮಲಗಿ, ನಿಂತವರ ಮುಖ ಕೆಳಗಿನಿಂದ ನೋಡಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಚೀಟಿ ಕೌಂಟರಿನವರು, ಔಷಧಿ ಕೊಡುವವರು, ಆಶಾ ಕಾರ್ಯಕರ್ತೆಯರು ಎಲ್ಲರನ್ನೂ ಕರೆಯಿರಿ. ರೋಗಿಗೆ ಆಸ್ಪತ್ರೆಯ ಮೊದಲ ಮಾತು ಸಿಗುವುದು ಚೀಟಿ ಕೌಂಟರಿನಲ್ಲಿ.

ಚರ್ಚೆಯ ನಿಯಮ ಮೂರು. ಡಾಕ್ಟರ ಪಾತ್ರ ಮಾಡಿದವರು ಮೊದಲು ಮಾತಾಡಬೇಕು. ನೋಡಿದವರು ಕಂಡದ್ದು, ಕೇಳಿದ್ದು ಮಾತ್ರ ಹೇಳಬೇಕು. ‘ಚೆನ್ನಾಗಿತ್ತು’ ಎಂದರೆ ಉಪಯೋಗ ಇಲ್ಲ. ‘ಅವರು ಮಗಳ ವಿಷಯ ತೆಗೆದಾಗ ನೀವು ಕಂಪ್ಯೂಟರ್ ನೋಡಿದಿರಿ’ ಎಂದರೆ ಉಪಯೋಗ. ಕೊನೆಗೆ ತಪ್ಪಿದ ಒಂದು ನಿಮಿಷವನ್ನು ಮಾತ್ರ ಇನ್ನೊಂದು ಸಲ ಆಡಬೇಕು. ಈ ಮೂರನೆಯದನ್ನು ಬಿಟ್ಟರೆ ಉಳಿದದ್ದು ಹರಟೆ. ನಿಜವಾದ ರೋಗಿಯ ಭೇಟಿ ಮುದ್ರಿಸುವುದಾದರೆ ಅವರ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ, ಚರ್ಚೆ ಆದ ದಿನವೇ ಅಳಿಸಿ.

ಶುರುವಿಗೆ ಆಡಲು ಮೂರು ಸಂದರ್ಭ: ಬಿ.ಪಿ. ಗುಳಿಗೆ ಬಿಟ್ಟ ಶಿರಸಿಯ ಅಮ್ಮ, ‘ಗುಣ ಆಗಿದೆ’ ಎನ್ನುತ್ತಾರೆ. ಎರಡು ತಾಸು ಕಾದು ಸಿಟ್ಟಾದ ಮಗ, ಮುರುಡೇಶ್ವರದಿಂದ ಅಪ್ಪನನ್ನು ಕರೆತಂದವನು. ಸೂಜಿಯೇ ಬೇಕು ಎಂದು ಹಟ ಹಿಡಿದ ಕೂಲಿಯವರು, ನಾಳೆ ಕೆಲಸ ತಪ್ಪಿದರೆ ಸಂಬಳ ಇಲ್ಲ.

ಹಂತ 7: ಒಂದು ನೋಟ್‌ಬುಕ್ ಇಡಿ

ದೊಡ್ಡ ಸಂಶೋಧನೆ ಬೇಡ. ತಿಂಗಳಿಗೊಮ್ಮೆ, ಗುಳಿಗೆ ಹೊಸದಾಗಿ ಶುರು ಮಾಡಿದ ಹತ್ತು ಜನರಿಗೆ ಒಂದು ವಾರದ ಮೇಲೆ ಸಿಸ್ಟರ್ ಫೋನ್ ಮಾಡಲಿ. ‘ಸರಿಯಾಗಿ ತಗೊಳ್ತಿದ್ದೀರಾ?’ ಎಂದು ಕೇಳಿದರೆ ‘ಹೌದು’ ಎಂದೇ ಉತ್ತರ ಬರುತ್ತದೆ. ‘ಇವತ್ತು ಬೆಳಿಗ್ಗೆ ಯಾವ ಗುಳಿಗೆ, ಎಷ್ಟು ಹೊತ್ತಿಗೆ ತಗೊಂಡಿರಿ?’ ಎಂದು ಕೇಳಬೇಕು. ಚೀಟಿಯಲ್ಲಿ ಬರೆದದ್ದಕ್ಕೂ ಅವರು ಹೇಳಿದ್ದಕ್ಕೂ ಹೊಂದುತ್ತದಾ ಎಂದು ಬರೆದುಕೊಳ್ಳಿ. ಮುಂದಿನ ತಿಂಗಳು ಎಷ್ಟು ಜನ ತಿರುಗಿ ಬಂದರು ಎಂದೂ ಬರೆದುಕೊಳ್ಳಿ. ನಮ್ಮ ಮಾತು ಬದಲಾಗಿ ರೋಗಿಗೆ ಏನೂ ಬದಲಾಗದಿದ್ದರೆ ಈ ಪುಸ್ತಕದಲ್ಲೇ ಕಾಣುತ್ತದೆ.

ಹೊಂದದೇ ಹೋದ ಪ್ರತಿ ಉತ್ತರದ ಕೆಳಗೆ ಒಂದು ಸಾಲು ಬಿಡಿ. ನಾವು ಆವತ್ತು ಯಾವ ಮಾತು ಹೇಳಿದ್ದೆವು, ಅವರು ಏನೆಂದು ತಿಳಿದರು ಎಂದು ಅಲ್ಲಿ ಬರೆಯಿರಿ. ಮುಂದಿನ ವಾರ ಮೂವರು ಕೂತು ಆಡುವ ಸಂದರ್ಭ ಅದೇ. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ‘ತಿಂಡಿಗೆ ಮೊದಲು ಒಂದು’ ಎಂದು ಬರೆದಿದೆ. ಪಕ್ಕದಲ್ಲಿ ‘ಶನಿವಾರ’ ಎಂದಿದೆ.